ಕೋಲ್ಕತ್ತಾದ ಚೈನಾಟೌನ್‌: ಎಲ್ಲಿ ತಿನ್ನಬೇಕು, ಯಾವ ಹೊತ್ತಿಗೆ ತಿನ್ನಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಮೈಸೂರಿನಿಂದ ಕೋಲ್ಕತ್ತಾಗೆ ಹೊರಟಿದ್ದೇವೆ. ಶನಿವಾರ ಬೆಳಿಗ್ಗೆ ತಲುಪಿ ಸೋಮವಾರ ಸಂಜೆ ವಾಪಸ್. ಅಲ್ಲಿನ ಚೈನಾಟೌನ್‌ನಲ್ಲಿ ಊಟ ಮಾಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಚೈನಾಟೌನ್ ಒಂದಲ್ಲ, ಎರಡು ಇವೆಯಂತೆ. ಯಾವುದಕ್ಕೆ ಹೋಗಬೇಕು? ನಮ್ಮಲ್ಲಿ ಇಬ್ಬರು ಕೊಡಗಿನವರು, ಹಂದಿ ಮಾಂಸ ಅಂದರೆ ಪ್ರಾಣ. ಇನ್ನಿಬ್ಬರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಇನ್ನೊಂದು ಆಸೆ, ಗೋಬಿ ಮಂಚೂರಿಯ ಅಸಲಿ ರುಚಿ ಅಲ್ಲಿ ಸಿಗುತ್ತದೆಯೇ?

ಉತ್ತರ: ಎರಡಕ್ಕೂ ಹೋಗಿ. ಆದರೆ ಒಂದಕ್ಕೆ ಬೆಳಿಗ್ಗೆ ಹೋಗಬೇಕು, ಇನ್ನೊಂದಕ್ಕೆ ರಾತ್ರಿ. ಕೋಲ್ಕತ್ತಾದ ಚೀನೀ ಊಟದಲ್ಲಿ ಹೋಟೆಲ್ ಹೆಸರಿಗಿಂತ ಹೊತ್ತು ಮುಖ್ಯ. ಹೊತ್ತು ತಪ್ಪಿಸಿ ಹೋಗಿ, ಖಾಲಿ ಬೀದಿ ನೋಡಿ, ‘ಅಲ್ಲೇನೂ ಇಲ್ಲ’ ಅಂತ ವಾಪಸ್ ಬಂದವರನ್ನು ನಾನು ತುಂಬ ಕಂಡಿದ್ದೇನೆ. ನಿಮ್ಮ ಪ್ರವಾಸದ ನಡುವೆ ಒಂದು ಭಾನುವಾರ ಇದೆ. ಅದೇ ನಿಮ್ಮ ಅದೃಷ್ಟ. ಆ ಬೆಳಿಗ್ಗೆಯನ್ನು ಬೇರೆ ಯಾವುದಕ್ಕೂ ಕೊಡಬೇಡಿ.

ಹಳೆಯ ಚೈನಾಟೌನ್ ಇರುವುದು ನಗರದ ನಡುವೆ, ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಗೆ ಹತ್ತಿರದ ತಿರೆಟ್ಟಿ ಬಜಾರ್‌ನಲ್ಲಿ. 18ನೇ ಶತಮಾನದ ಕೊನೆಯಲ್ಲಿ ಎಡ್ವರ್ಡ್ ತಿರೆಟ್ಟಾ ಎಂಬ ಇಟಲಿಯವನಿಗೆ ಇಲ್ಲೊಂದು ಮಾರುಕಟ್ಟೆ ಇತ್ತು, ಆ ಹೆಸರೇ ಉಳಿದಿದೆ. ಹೊಸದು ಅಂತ ಕರೆಯುವುದು ನಗರದ ಪೂರ್ವದಲ್ಲಿರುವ ಟ್ಯಾಂಗ್ರಾವನ್ನು. ಎರಡರ ನಡುವೆ ಆರೇಳು ಕಿಲೋಮೀಟರ್ ದೂರ. ಅಡುಗೆಯಲ್ಲಿ ಇರುವ ದೂರ ಅದಕ್ಕಿಂತ ಜಾಸ್ತಿ.

ಯಾಕೆಂದರೆ ಇಲ್ಲಿಗೆ ಬಂದ ಚೀನೀಯರು ಎಲ್ಲರೂ ಒಂದೇ ಕಡೆಯವರಲ್ಲ. ಟಾಂಗ್ ಅಛೂ ಎಂಬಾತ 18ನೇ ಶತಮಾನದ ಕೊನೆಯಲ್ಲಿ ಬಜ್‌ಬಜ್ ಹತ್ತಿರ ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆ ಹಾಕಿದ. ಆ ಊರಿಗೆ ಇವತ್ತಿಗೂ ಅಛಿಪುರ ಅಂತಲೇ ಹೆಸರು. ಆಮೇಲೆ ಕ್ಯಾಂಟನ್ ಕಡೆಯ ಬಡಗಿಗಳು ಬಂದರು. ಹುಬೈ ಪ್ರಾಂತದ ಹಲ್ಲಿನ ವೈದ್ಯರು ಬಂದರು. ಚಪ್ಪಲಿ ಹೊಲಿಯುವ, ಚರ್ಮ ಹದ ಮಾಡುವ ಹಕ್ಕಾ ಎಂಬ ಚೀನೀ ಸಮುದಾಯದ ಜನ ಬಂದರು. ಬಡಗಿಗಳು ತಿರೆಟ್ಟಿ, ಬೌಬಜಾರ್ ಸುತ್ತ ನೆಲೆಸಿದರು. ಚರ್ಮದ ಕೆಲಸಕ್ಕೆ ನೀರು ಮತ್ತು ಜಾಗ ಬೇಕು, ಹಾಗಾಗಿ ಹಕ್ಕಾ ಜನ ಊರಾಚೆಯ ಜೌಗು ನೆಲವಾದ ಟ್ಯಾಂಗ್ರಾಕ್ಕೆ ಹೋದರು. ನೀವು ತಿರೆಟ್ಟಿಯಲ್ಲಿ ತಿನ್ನುವುದು ಹೆಚ್ಚಾಗಿ ಮನೆ ಅಡುಗೆ: ಹಬೆಯಲ್ಲಿ ಬೆಂದದ್ದು, ಸಪ್ಪೆ ಸಾರು, ಉಪ್ಪಲ್ಲಿಟ್ಟ ಸೊಪ್ಪು. ಟ್ಯಾಂಗ್ರಾದಲ್ಲಿ ತಿನ್ನುವುದು ಭಾರತದ ಗಿರಾಕಿಗೆಂದೇ ಬೆಳೆದ ಅಡುಗೆ: ಹಸಿಮೆಣಸು, ಬೆಳ್ಳುಳ್ಳಿ, ಸೋಯಾ ಸಾಸ್, ಜೋರು ಉರಿ. ಎರಡೂ ಅಸಲಿಯೇ. ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಡುವ ವಾದ ನನಗೆ ಒಪ್ಪಿಗೆ ಇಲ್ಲ.

ಈಗ ಭಾನುವಾರ ಬೆಳಿಗ್ಗೆಯ ವಿಷಯ. ಪೋದ್ದಾರ್ ಕೋರ್ಟ್ ಎಂಬ ದೊಡ್ಡ ಕಟ್ಟಡ ಕೇಳಿದರೆ ಯಾವ ಟ್ಯಾಕ್ಸಿಯವರಿಗೂ ಗೊತ್ತು. ಅದರ ಹಿಂದೆ ಸನ್ ಯಾಟ್ ಸೆನ್ ಸ್ಟ್ರೀಟ್. ಅಲ್ಲಿ ಬೆಳಗಾಗುತ್ತಿದ್ದ ಹಾಗೇ ಸ್ಟೀಲಿನ ಹಬೆ ಪಾತ್ರೆಗಳು, ಮರದ ಮೇಜುಗಳು ಬೀದಿ ಬದಿಯಲ್ಲಿ ಸಾಲಾಗುತ್ತವೆ. ಆರು ಗಂಟೆಗೆ ನೀವು ಅಲ್ಲಿರಬೇಕು. ಏಳೂವರೆಗೆ ಒಳ್ಳೆಯದೆಲ್ಲ ಖಾಲಿಯಾಗುತ್ತಾ ಬರುತ್ತದೆ. ಎಂಟೂವರೆ ಹೊತ್ತಿಗೆ ಆ ಜಾಗ ಮತ್ತೆ ಮಾಮೂಲಿ ತರಕಾರಿ, ಮೀನಿನ ಸಂತೆ. ಭಾನುವಾರ ಅಷ್ಟು ಬೇಗ ಮೆಟ್ರೋ ಓಡುವುದಿಲ್ಲ. ಟ್ಯಾಕ್ಸಿಯಲ್ಲೇ ಹೋಗಿ. ಬೇರೆ ದಿನಗಳಲ್ಲೂ ಒಂದೆರಡು ಮೇಜು ಇರಬಹುದು, ಆದರೆ ಅದನ್ನು ನಂಬಿಕೊಂಡು ಹೋಗಬೇಡಿ.

ಏನು ತಿನ್ನಬೇಕು? ಮೊದಲು ಸಾರು. ಮೀನಿನ ಉಂಡೆ ಹಾಕಿದ ಬಿಸಿ ಸೂಪ್. ಸಾರು ತಿಳಿಯಾಗಿರುತ್ತದೆ. ಮೇಲೆ ಈರುಳ್ಳಿ ಸೊಪ್ಪು, ಪಕ್ಕದಲ್ಲಿ ಮೆಣಸಿನ ಸಾಸ್. ಮೀನನ್ನು ಅರೆದು, ಬಡಿದು, ಉಂಡೆ ಮಾಡಿರುತ್ತಾರೆ. ಚೆನ್ನಾಗಿ ಬಡಿದದ್ದಾದರೆ ಹಲ್ಲಿಗೆ ಸಿಕ್ಕಾಗ ಪುಟಿಯುತ್ತದೆ. ಸಾಸ್ ಸುರಿಯುವ ಮುಂಚೆ ಎರಡು ಚಮಚ ಸುಮ್ನೆ ಕುಡಿದು ನೋಡಿ. ನಾವು ಚೈನೀಸ್ ಅಂತ ಕರೆಯುವ ಖಾರ, ಹುಳಿ, ಸಿಹಿ ಯಾವುದೂ ಇಲ್ಲದೆ ಸಾರು ಎಷ್ಟು ರುಚಿ ಇರಬಲ್ಲದು ಅಂತ ಆ ಎರಡು ಚಮಚದಲ್ಲಿ ಗೊತ್ತಾಗುತ್ತದೆ.

ಆಮೇಲೆ ಬಾವೊ. ಬಿಳಿ, ಮೆತ್ತನೆ, ಹಬೆಯಲ್ಲಿ ಬೆಂದ ಬನ್ನು, ಒಳಗೆ ಹಂದಿ ಅಥವಾ ಕೋಳಿ ಮಾಂಸ. ನಿಮ್ಮ ಕೊಡಗಿನ ಗೆಳೆಯರು ಹಂದಿಯದ್ದನ್ನೇ ಕೇಳಲಿ. ಶುಮಾಯ್ ಬಿಡಬೇಡಿ. ತೆಳು ಹಾಳೆಯಲ್ಲಿ ಮಾಂಸ ತುಂಬಿ, ಬಾಯಿ ತೆರೆದಿಟ್ಟ ಪುಟ್ಟ ಗಂಟು ಅದು. ಚೀನೀ ಸಾಸೇಜ್ ಕೂಡ ಸಿಗುತ್ತದೆ. ಸ್ವಲ್ಪ ಸಿಹಿ, ಕೊಬ್ಬು ಜಾಸ್ತಿ, ಒಣಗಿಸಿದ್ದು. ಅಂಟು ಅಕ್ಕಿಯನ್ನು ಮಾಂಸದ ಜೊತೆ ಎಲೆಯಲ್ಲಿ ಮೂಲೆಮೂಲೆಯಾಗಿ ಮಡಿಸಿ, ದಾರ ಕಟ್ಟಿ ಬೇಯಿಸಿದ್ದು ಕೆಲವು ದಿನ ಇರುತ್ತದೆ. ಕಡುಬು ತಿಂದು ಬೆಳೆದ ಕೊಡಗಿನವರಿಗೆ ಅದು ನೆಂಟರ ಮನೆ ತಿಂಡಿ ಅನ್ನಿಸುತ್ತದೆ. ಕಂಡರೆ ಮೊದಲು ಅದನ್ನೇ ತೆಗೆದುಕೊಳ್ಳಿ, ಬೇಗ ಮುಗಿಯುತ್ತದೆ.

ಒಂದು ಮಾತು ಹೇಳಲೇಬೇಕು. ಆ ಬೀದಿಯಲ್ಲಿ ಈಗ ಮೋಮೊ ಮಾರುವವರು, ಪೂರಿ ಮತ್ತು ಜಿಲೇಬಿ ಮಾರುವವರು ಎಲ್ಲ ಸೇರಿಕೊಂಡಿದ್ದಾರೆ. ಅವರದ್ದೂ ಹೊಟ್ಟೆಪಾಡು, ತಪ್ಪಿಲ್ಲ. ಆದರೆ ನೀವು ಅಷ್ಟು ದೂರದಿಂದ ಹೋಗಿರುತ್ತೀರಿ. ಎರಡು ನಿಮಿಷ ಬೀದಿ ಪೂರ್ತಿ ನಡೆದು ನೋಡಿ. ಮನೆಯಲ್ಲಿ ಮಾಡಿ ತಂದ ಪಾತ್ರೆಯ ಹಿಂದೆ ಕೂತ ವಯಸ್ಸಾದ ಚೀನೀ ಹೆಂಗಸರು, ಗಂಡಸರು ಇರುತ್ತಾರೆ. ಕೊಳ್ಳುವುದಾದರೆ ಅವರ ಹತ್ತಿರವೇ ಕೊಳ್ಳಿ. ಒಂದು ಕಾಲಕ್ಕೆ ಹತ್ತಾರು ಸಾವಿರ ಇದ್ದ ಜನ ಈಗ ಕೆಲವೇ ಸಾವಿರ. 1962ರ ಯುದ್ಧದ ಹೊತ್ತಿಗೆ ದೇಶದ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದ್ದರು. ಅದರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಹೊರಬಂದವರಲ್ಲಿ ಎಷ್ಟೋ ಜನ ಕೆನಡಾಕ್ಕೆ, ಅದರಲ್ಲೂ ಟೊರಾಂಟೊಗೆ ಹೋದರು. ಟೊರಾಂಟೊದಲ್ಲಿರುವ ನಮ್ಮ ಕನ್ನಡಿಗರು ‘ಹಕ್ಕಾ’ ಅಂತ ಬೋರ್ಡ್ ಇರುವ ಹೋಟೆಲ್‌ಗಳಲ್ಲಿ ಚಿಲ್ಲಿ ಚಿಕನ್ ತಿನ್ನುತ್ತಾರಲ್ಲ, ಆ ರುಚಿ ಹೋಗಿದ್ದು ಕೋಲ್ಕತ್ತಾದಿಂದ. ಇಲ್ಲೇ ಉಳಿದವರು ಬೆಳಗಿನ ಜಾವ ಎದ್ದು ಮಾಡಿ ತಂದ ಬಾವೊ ಮಾರಾಟವಾಗಬೇಕು. ಇಲ್ಲದಿದ್ದರೆ ಮುಂದಿನ ಭಾನುವಾರ ಅವರು ಯಾಕೆ ತರುತ್ತಾರೆ?

ತಿಂದಾದ ಮೇಲೆ ಕೂಡಲೇ ಟ್ಯಾಕ್ಸಿ ಹತ್ತಬೇಡಿ. ಪಕ್ಕದ ಛಾತಾವಾಲಾ ಗಲ್ಲಿಯಲ್ಲಿ ಸೀ ಇಪ್ ದೇವಸ್ಥಾನ ಇದೆ, ಕರುಣೆಯ ದೇವತೆ ಕ್ವಾನ್ ಯಿನ್‌ದು. ಬ್ಲ್ಯಾಕ್‌ಬರ್ನ್ ಲೇನ್‌ನಲ್ಲಿ ಟೂಂಗ್ ಆನ್ ದೇವಸ್ಥಾನ. ಅದರ ಕೆಳಗಿನ ಅಂತಸ್ತಿನಲ್ಲೇ 1924ರಲ್ಲಿ ನಾನ್‌ಕಿಂಗ್ ಎಂಬ ಹೋಟೆಲ್ ಶುರುವಾಗಿತ್ತು. ಆ ಕಾಲದಲ್ಲಿ ನಗರದ ದೊಡ್ಡವರೆಲ್ಲ ಅಲ್ಲಿಗೆ ಬರುತ್ತಿದ್ದರು. ಹೋಟೆಲ್ ಮುಚ್ಚಿ ಎಷ್ಟೋ ಕಾಲವಾಯಿತು, ಕಟ್ಟಡ ನಿಂತಿದೆ. ಈ ದೇವಸ್ಥಾನಗಳ ಬೋರ್ಡಿನ ಮೇಲೆ ‘ಚರ್ಚ್’ ಅಂತ ಬರೆದಿರುತ್ತದೆ, ದಾರಿ ಹುಡುಕುವಾಗ ಗಲಿಬಿಲಿಯಾಗಬೇಡಿ.

ಇದೇ ಆಸುಪಾಸಿನಲ್ಲಿ ಪೌ ಚಾಂಗ್ ಸಾಸ್ ಅಂಗಡಿ ಇದೆ. ಅವರ ಹಸಿಮೆಣಸಿನ ಸಾಸ್ ಕೋಲ್ಕತ್ತಾದ ಮನೆಮನೆಯಲ್ಲೂ, ರೋಲ್ ಅಂಗಡಿಗಳಲ್ಲೂ ಇರುತ್ತದೆ. ಒಂದು ಬಾಟಲಿ ತೆಗೆದುಕೊಳ್ಳಿ. ನಿಮ್ಮ ಸಸ್ಯಾಹಾರಿ ಗೆಳೆಯರಿಗೆ ತಿರೆಟ್ಟಿಯಿಂದ ಮನೆಗೆ ಒಯ್ಯಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಬಿಡದೇ ಇರಬಹುದು, ದೊಡ್ಡ ಬ್ಯಾಗಿಗೆ ಹಾಕಿ ಕೊಡಿ.

ಮಧ್ಯಾಹ್ನದ ಊಟಕ್ಕೆ ಎರಡು ಜಾಗ ಹೇಳುತ್ತೇನೆ. ಒಂದು, ಛಾತಾವಾಲಾ ಗಲ್ಲಿಯ ತುಂಗ್ ನಾಮ್. ಚಿಕ್ಕ ಜಾಗ, ಅಲಂಕಾರ ಏನೂ ಇಲ್ಲ. ಕೊಡಗಿನವರನ್ನು ಕಣ್ಣು ಮುಚ್ಚಿ ಇಲ್ಲಿಗೆ ಕಳಿಸುತ್ತೇನೆ. ಹಾಮ್‌ಚೊಯ್ ಪೋರ್ಕ್ ಕೇಳಿ. ಹಾಮ್‌ಚೊಯ್ ಅಂದರೆ ಉಪ್ಪಿನಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು. ಕೊಬ್ಬಿರುವ ಹಂದಿ ಮಾಂಸಕ್ಕೆ ಆ ಹುಳಿ ಸೊಪ್ಪು ಸೇರಿದಾಗ ಬಾಯಿಗೆ ಜಿಡ್ಡು ಅನ್ನಿಸುವುದೇ ಇಲ್ಲ. ಪಂದಿ ಕರಿಗೆ ಕಾಚಂಪುಳಿ ಯಾಕೆ ಬೇಕು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ? ಇಲ್ಲೂ ಹುಳಿ ಮಾಡುವ ಕೆಲಸ ಅದೇ. ಇದನ್ನು ನೂಡಲ್ಸ್ ಜೊತೆ ಬೇಡ, ಬರೀ ಬಿಳಿ ಅನ್ನದ ಜೊತೆ ತಿನ್ನಿ.

ಇನ್ನೊಂದು, ಗಣೇಶ್ ಚಂದ್ರ ಅವೆನ್ಯೂದಲ್ಲಿರುವ ಔ ಚ್ಯೂ. ಪೆಟ್ರೋಲ್ ಬಂಕಿನ ಮೇಲಿನ ಮಹಡಿಯಲ್ಲಿದೆ, ಕೆಳಗೆ ನಿಂತು ಹುಡುಕಿದರೆ ಕಾಣುವುದಿಲ್ಲ. 1920ರ ದಶಕದಿಂದ ಒಂದೇ ಮನೆತನ ನಡೆಸಿಕೊಂಡು ಬಂದಿದೆ. ಇಲ್ಲಿ ಚಿಮ್ನಿ ಸೂಪ್ ಕೇಳಬೇಕು. ನಡುವೆ ಕೊಳವೆ ಇರುವ ಪಾತ್ರೆ ಅದು. ಕೊಳವೆಯೊಳಗೆ ಕೆಂಡ, ಸುತ್ತ ಸಾರು, ಸಾರಿನಲ್ಲಿ ಮಾಂಸ, ಸೀಗಡಿ, ಮೀನಿನ ಉಂಡೆ, ಸೊಪ್ಪು. ಊಟ ಮುಗಿಯುವವರೆಗೂ ಕುದಿಯುತ್ತಲೇ ಇರುತ್ತದೆ. ಸಾರಿನ ರುಚಿ ಮೊದಲ ಬಟ್ಟಲಿಗಿಂತ ಕೊನೆಯ ಬಟ್ಟಲಲ್ಲಿ ಜಾಸ್ತಿ. ಹಾಗಾಗಿ ಅವಸರ ಬೇಡ. ಆದರೆ ಹೋಗಿ ಕೂತು ಕೇಳಿದರೆ ಸಿಗುವುದಿಲ್ಲ, ಮೊದಲೇ ಫೋನ್ ಮಾಡಿ ಹೇಳಿರಬೇಕು. ನಾಲ್ವರಲ್ಲಿ ಇಬ್ಬರೇ ತಿನ್ನುವವರಾದರೆ ಚಿಮ್ನಿ ಸೂಪ್ ಜಾಸ್ತಿಯಾಗುತ್ತದೆ. ಹಂದಿಯ ರೋಸ್ಟ್, ಒಂದು ನೂಡಲ್ಸ್ ಸಾಕು.

ಚಿತ್ತರಂಜನ್ ಅವೆನ್ಯೂದ ಚುಂಗ್ ವಾ ಹೆಸರೂ ನಿಮ್ಮ ಕಿವಿಗೆ ಬಿದ್ದಿರಬಹುದು. ಹಳೆಯ ಜಾಗ, ಮರದ ಕ್ಯಾಬಿನ್‌ಗಳು ಚೆಂದ. ಊಟಕ್ಕಾಗಿಯೇ ಹೋಗುವುದಾದರೆ ನಾನು ಮೊದಲ ಎರಡನ್ನೇ ಆರಿಸುತ್ತೇನೆ.

ಇನ್ನು ಟ್ಯಾಂಗ್ರಾ. ಇಲ್ಲಿಗೆ ರಾತ್ರಿ ಊಟಕ್ಕೆ ಹೋಗಿ. ಈಸ್ಟರ್ನ್ ಬೈಪಾಸ್ ಕಡೆಯಿಂದ ಒಳಗೆ ತಿರುಗಿದರೆ ಎತ್ತರದ ಗೋಡೆಗಳು, ದೊಡ್ಡ ಗೇಟುಗಳು ಕಾಣುತ್ತವೆ. ಹೋಟೆಲ್ ಬೀದಿಗೆ ಇಂಥ ಗೋಡೆ ಯಾಕೆ ಅನ್ನಿಸಬಹುದು. ಅವೆಲ್ಲ ಒಂದು ಕಾಲಕ್ಕೆ ಚರ್ಮ ಹದ ಮಾಡುವ ಕಾರ್ಖಾನೆಗಳಾಗಿದ್ದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕಾರ್ಖಾನೆಗಳು ನಗರ ಬಿಟ್ಟು ಹೊರಗೆ ಹೋಗಬೇಕು ಅಂತ ಆದೇಶ ಕೊಟ್ಟಿತು. ಅವುಗಳ ಕೊಳೆನೀರು ನಗರವನ್ನು ಹಾಳು ಮಾಡುತ್ತಿತ್ತು. ಬಂತಲಾದಲ್ಲಿ ಹೊಸ ಜಾಗ ಗೊತ್ತಾಯಿತು. ಕೆಲವರು ಅಲ್ಲಿಗೆ ಹೋದರು, ಕೆಲವರು ದೇಶ ಬಿಟ್ಟರು. ಇನ್ನು ಕೆಲವರು ಅದೇ ಕಟ್ಟಡಗಳಲ್ಲಿ ಹೋಟೆಲ್ ನಡೆಸಿದರು. ಅದಕ್ಕೂ ಮುಂಚೆಯೇ ಅಲ್ಲಿ ಹೋಟೆಲ್‌ಗಳು ಇದ್ದವು. ಆದರೆ ಒಂದು ಊರಿನ ಕಸುಬೇ ಕೈಬಿಟ್ಟಾಗ ಅಡುಗೆ ಆ ಜನರನ್ನು ಹಿಡಿದು ನಿಲ್ಲಿಸಿತು ಅನ್ನುವುದು ನನಗೆ ದೊಡ್ಡ ವಿಷಯ.

ಬೀಜಿಂಗ್, ಕಿಮ್ ಲಿಂಗ್, ಗೋಲ್ಡನ್ ಜಾಯ್, ಬಿಗ್ ಬಾಸ್, ಕಾಫುಲೊಕ್ ಇಲ್ಲಿ ಹೆಸರಾದವು. ಮೊದಲ ಸಲ ಹೋಗುವವರಿಗೆ ನಾನು ಬೀಜಿಂಗ್ ಹೇಳುತ್ತೇನೆ. ಜಾಗ ದೊಡ್ಡದು, ಪಟ್ಟಿ ಉದ್ದ, ನಾಲ್ವರಲ್ಲಿ ಇಬ್ಬರು ಸಸ್ಯಾಹಾರಿಗಳಿದ್ದರೆ ತೊಂದರೆ ಇಲ್ಲ. ಭಾನುವಾರ ರಾತ್ರಿ ಜನಜಂಗುಳಿ ಜೋರು. ಏಳು ಗಂಟೆಗೇ ಹೋಗಿ ಕೂತುಬಿಡಿ.

ಚಿಲ್ಲಿ ಚಿಕನ್ ಕೇಳುವಾಗ ‘ಡ್ರೈ’ ಅನ್ನಿ. ಮೂಳೆ ಸಮೇತ ಮಾಡಿಕೊಡುತ್ತಾರಾ ಅಂತಲೂ ಕೇಳಿ. ಬಣ್ಣ ಕಂದು, ಕೆಂಪಲ್ಲ. ಹಸಿಮೆಣಸಿನ ವಾಸನೆ ಮೊದಲು ಬರಬೇಕು, ಆಮೇಲೆ ಸೋಯಾ. ಗ್ರೇವಿ ಹಾಕಿಸಿದರೆ ಕಾರ್ನ್‌ಫ್ಲೋರ್ ಗಂಜಿಯಲ್ಲಿ ಎಲ್ಲವೂ ಮುಳುಗಿಹೋಗುತ್ತದೆ. ಇದರ ಜೊತೆ ಹಕ್ಕಾ ನೂಡಲ್ಸ್, ಉಪ್ಪು ಮೆಣಸಿನ ಸೀಗಡಿ, ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಭೇಟ್ಕಿ ಮೀನು. ಬಂಗಾಳದ ಮೀನಿಗೆ ಚೀನೀ ಕೈ ಸೇರಿದ್ದು ಈ ಕೊನೆಯದರಲ್ಲಿ ಕಾಣುತ್ತದೆ. ಖಾರದ ನಡುವೆ ಈ ತಣ್ಣನೆಯ ರುಚಿ ಬೇಕೇ ಬೇಕು. ಒಂದೊಂದು ತಟ್ಟೆ ಇಬ್ಬರಿಗೆ ಸಾಕಾಗುವಷ್ಟು ಇರುತ್ತದೆ. ನಾಲ್ವರಿಗೆ ನಾಲ್ಕು ಬಗೆ ಸಾಕು, ಮಿಕ್ಕಿದ್ದು ಆಮೇಲೆ ಹೇಳಬಹುದು.

ಹೊತ್ತಿದ್ದರೆ ಊಟಕ್ಕೆ ಮುಂಚೆ ಅಲ್ಲಿನ ಚೈನೀಸ್ ಕಾಳಿ ಮಂದಿರಕ್ಕೆ ಹೋಗಿ. ಮರದ ಕೆಳಗೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದ ಕಲ್ಲುಗಳಿಗೆ ಚೀನೀ ಮನೆಗಳವರೂ ಕೈಮುಗಿಯತೊಡಗಿ, ಮುಂದೆ ಅದು ಗುಡಿಯಾಯಿತು. ಚೀನೀ ಊದುಬತ್ತಿ ಹಚ್ಚುತ್ತಾರೆ. ನೈವೇದ್ಯಕ್ಕೆ ನೂಡಲ್ಸ್, ಚಾಪ್‌ಸುಯಿ ಇಡುವ ರೂಢಿ ಇದೆ.

ಸಸ್ಯಾಹಾರಿ ಗೆಳೆಯರಿಗೆ ಕಡ್ಡಿ ಮುರಿದಂತೆ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ತಿರೆಟ್ಟಿಯಲ್ಲಿ ಅವರ ಹೊಟ್ಟೆ ತುಂಬುವುದಿಲ್ಲ. ಎಳ್ಳು ಮೆತ್ತಿದ ಸಿಹಿ ಉಂಡೆ ಸಿಗಬಹುದು, ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಕೇಳಿ ತಿನ್ನಲಿ. ಅದು ಬಿಟ್ಟರೆ ಪೂರಿ, ಆಲೂ, ಜಿಲೇಬಿ. ನೋಡುವುದಕ್ಕೆ ಬರಲಿ, ತಿನ್ನುವುದಕ್ಕೆ ಅಂತ ಬಂದರೆ ಬೇಸರವಾಗುತ್ತದೆ. ಅವರ ಊಟ ಟ್ಯಾಂಗ್ರಾದಲ್ಲಿ. ಅಲ್ಲೂ ಎಚ್ಚರ ಬೇಕು. ವೆಜ್ ನೂಡಲ್ಸ್ ಅಂತ ಬರೆದಿದ್ದರೂ ನೂಡಲ್ಸ್‌ನ ಹಿಟ್ಟಿನಲ್ಲೇ ಮೊಟ್ಟೆ ಇರಬಹುದು. ಅಕ್ಕಿ ಶ್ಯಾವಿಗೆಯದ್ದು ಕೇಳುವುದು ಒಳ್ಳೆಯದು, ಅದನ್ನು ಮೈಫೂನ್ ಅನ್ನುತ್ತಾರೆ. ತರಕಾರಿ ಸೂಪಿಗೂ ಕೋಳಿಯ ಸಾರು ಬಳಸುವುದುಂಟು. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್ ಬೀಳುತ್ತದೆ, ಅದು ಚಿಪ್ಪುಮೀನಿನಿಂದ ಮಾಡಿದ್ದು. ಬಂಗಾಳದಲ್ಲಿ ‘ಮಾಂಸ ಬೇಡ’ ಅಂದರೆ ಸಾಲದು. ಮೀನು ಬೇಡ, ಮೊಟ್ಟೆ ಬೇಡ, ಕೋಳಿ ಸಾರು ಬೇಡ, ಆಯ್ಸ್ಟರ್ ಸಾಸ್ ಬೇಡ ಅಂತ ಒಂದೊಂದನ್ನೂ ಹೆಸರಿಟ್ಟು ಹೇಳಿ. ಬಾಣಲೆ ತೊಳೆದು ಮಾಡಿಕೊಡಿ ಅಂತಲೂ ಕೇಳಬಹುದು, ಯಾರೂ ಮುಖ ಗಂಟಿಕ್ಕುವುದಿಲ್ಲ. ಬೆಳ್ಳುಳ್ಳಿ ಹಾಕಿ ಜೋರು ಉರಿಯಲ್ಲಿ ಬಾಡಿಸಿದ ಚೀನೀ ಸೊಪ್ಪು, ಹಸಿಮೆಣಸಿನ ಜೊತೆ ತೋಫು, ಅಣಬೆ, ಮೈಫೂನ್. ಇಷ್ಟು ಹೇಳಿದರೆ ಅದೊಂದು ಪೂರ್ತಿ ಊಟ.

ಈಗ ಗೋಬಿ ಮಂಚೂರಿ. ಅದರ ತವರು ಟ್ಯಾಂಗ್ರಾ ಅಲ್ಲ. ಮಂಚೂರಿಯನ್ ಅಡುಗೆಯನ್ನು ಶುರು ಮಾಡಿದವರು ನೆಲ್ಸನ್ ವಾಂಗ್ ಅಂತ ಎಲ್ಲ ಕಡೆ ಹೇಳುತ್ತಾರೆ. ಅವರು ಹುಟ್ಟಿದ್ದು ಕೋಲ್ಕತ್ತಾದಲ್ಲೇ. ಆದರೆ 1975ರಲ್ಲಿ ಚಿಕನ್ ಮಂಚೂರಿಯನ್ ಮಾಡಿದ್ದು ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಸೇರಿಸಿದರು. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ. ಅದನ್ನು ನಮ್ಮ ಕರ್ನಾಟಕದಷ್ಟು ಪ್ರೀತಿಯಿಂದ ತಳ್ಳುಗಾಡಿಗೆ ಏರಿಸಿದ ಊರು ನಾನು ಬೇರೆ ಕಂಡಿಲ್ಲ. ಟ್ಯಾಂಗ್ರಾದಲ್ಲಿ ತರಕಾರಿ ಮಂಚೂರಿಯನ್ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಮೈಸೂರಿನ ಸಂಜೆಯ ಗಾಡಿಯ ಗೋಬಿಯನ್ನು ಅದರಲ್ಲಿ ಹುಡುಕಬೇಡಿ. ಅದು ನಮ್ಮದೇ ತಿಂಡಿ, ನಮ್ಮಲ್ಲೇ ಅದರ ಅಸಲಿ ರುಚಿ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಅದು ಒಳ್ಳೆಯದೇ ಆಯಿತು. ಟ್ಯಾಂಗ್ರಾದ ಕಂದು ಬಣ್ಣದ ಚಿಲ್ಲಿ ಅಡುಗೆ ತಿಂದು ನೋಡಿದವರಿಗೆ ಕೆಂಪು ಬಣ್ಣದಿಂದ ರುಚಿಗೆ ಏನೂ ಆಗಬೇಕಿಲ್ಲ ಅಂತ ತಿಳಿಯುತ್ತದೆ.

ಹಾಗಾದರೆ ನಿಮ್ಮ ಮೂರು ದಿನ ಹೀಗಿರಲಿ. ಶನಿವಾರ ಮಧ್ಯಾಹ್ನ ಔ ಚ್ಯೂ. ಅಂದು ರಾತ್ರಿ ಹಗುರ ಊಟ ಮಾಡಿ ಬೇಗ ಮಲಗಿ. ಭಾನುವಾರ ಬೆಳಿಗ್ಗೆ ಆರಕ್ಕೆ ತಿರೆಟ್ಟಿ. ಮಧ್ಯಾಹ್ನ ಹೊಟ್ಟೆಗೆ ರಜೆ ಕೊಟ್ಟು, ಸಂಜೆ ಟ್ಯಾಂಗ್ರಾದ ಕಾಳಿ ಮಂದಿರ, ಆಮೇಲೆ ಊಟ. ಸೋಮವಾರ ಮಧ್ಯಾಹ್ನ ಕೊಡಗಿನವರು ತುಂಗ್ ನಾಮ್‌ಗೆ ಹೋಗಲಿ, ಸಸ್ಯಾಹಾರಿಗಳು ಆ ಹೊತ್ತಿಗೆ ಕಾಲೇಜ್ ಸ್ಟ್ರೀಟ್ ಕಡೆ ಬಂಗಾಳಿ ಸಿಹಿ ತಿನ್ನಲಿ. ಎಲ್ಲ ಹೋಟೆಲ್‌ಗಳಿಗೂ ಹೊರಡುವ ಮುಂಚೆ ಫೋನ್ ಮಾಡಿ. ಮನೆಯವರೇ ಸೇರಿ ನಡೆಸುವ ಜಾಗಗಳು, ಮದುವೆಯೋ ಹಬ್ಬವೋ ಬಂದರೆ ಬಾಗಿಲು ಹಾಕಿರುತ್ತಾರೆ. ನಿಮ್ಮ ಪ್ರವಾಸ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿದ್ದರೆ ಚೀನೀ ಹೊಸ ವರ್ಷ ಯಾವಾಗ ಅಂತ ನೋಡಿಕೊಳ್ಳಿ. ಆ ದಿನಗಳಲ್ಲಿ ಎರಡೂ ಕಡೆ ಸಿಂಹ ನೃತ್ಯ ನೋಡಬಹುದು, ಆದರೆ ಕೆಲವು ಅಡುಗೆಮನೆಗಳಿಗೆ ರಜೆ.